ಡಿಸ್ಕ್ 1 ಇವತ್ತು ಡಿಸ್ಕ್ 2 ಆಗಿದೆ: ಅಳಿಸುವ ಮುಂಚೆ ಯಾವುದನ್ನು ನಂಬಲಿ?

ಕೇಳಿದವರು, ದಾವಣಗೆರೆಯ ಫೋಟೋ ಸ್ಟುಡಿಯೊದಿಂದ

ಎಲ್ಲರಿಗೂ ನಮಸ್ಕಾರ. ಸ್ಟುಡಿಯೊ ಕಂಪ್ಯೂಟರಿನಲ್ಲಿ ಒಂದು ಎಸ್‌ಎಸ್‌ಡಿ ಮತ್ತು ಎರಡು ಹಾರ್ಡ್ ಡಿಸ್ಕ್ ಇವೆ. ಹಾರ್ಡ್ ಡಿಸ್ಕ್ ಎರಡೂ ಒಂದೇ ಕಂಪನಿಯವು, ಒಂದೇ ಮಾಡೆಲ್, 4 ಟಿಬಿ. ಹಳೆಯದಕ್ಕೆ ಎರಡು ವರ್ಷ. ಅದರಲ್ಲಿ ಮದುವೆ ಫೋಟೋ, ವಿಡಿಯೊ ತುಂಬಿವೆ. ಈಚೆಗೆ ಅದು ಟಕ್ ಟಕ್ ಅಂತ ಸದ್ದು ಮಾಡಲು ಶುರುಮಾಡಿತು. ಹೆದರಿ ಹೊಸದನ್ನು ತಂದು ಎಲ್ಲವನ್ನೂ ಹಾಕಿಕೊಂಡೆ. ಈಗ ಹಳೆಯದನ್ನು ಪೂರ್ತಿ ಅಳಿಸಿ ವಾರಂಟಿಗೆ ಕಳಿಸಬೇಕು. ಜನರ ಮನೆಯ ಫೋಟೋಗಳು, ಹಾಗೇ ಕೊಟ್ಟು ಕಳಿಸಲು ಮನಸ್ಸಿಲ್ಲ.

ಹೋದ ವಾರ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆಯದು ಡಿಸ್ಕ್ 1, ಹೊಸದು ಡಿಸ್ಕ್ 2 ಅಂತ ಇತ್ತು. ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಇವತ್ತು ನೋಡಿದರೆ ಅದಲು ಬದಲಾಗಿದೆ. ಆದರೆ ಇ, ಎಫ್ ಅನ್ನುವ ಅಕ್ಷರಗಳು ಮಾತ್ರ ಮೊದಲಿನ ಹಾಗೇ ಇವೆ. ಲಿನಕ್ಸ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದರೆ ಎಸ್‌ಡಿಎ, ಎಸ್‌ಡಿಬಿ ಅಂತ ಬೇರೆಯೇ ಲೆಕ್ಕ. ತಪ್ಪು ಡಿಸ್ಕ್ ಅಳಿಸಿಬಿಟ್ಟರೆ ಎಷ್ಟೋ ಮನೆಯವರ ಮದುವೆ ನೆನಪು ಹೋಗುತ್ತದೆ. ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ?

ಕಂಪ್ಯೂಟರ್ ರಿಪೇರಿ ಮಾಡುವವರು

ಮೊದಲು ಆ ಚೀಟಿ ಹರಿದು ಹಾಕಿ. ಡಿಸ್ಕ್ 0, 1, 2 ಅನ್ನುವುದು ಡಿಸ್ಕಿನ ಹೆಸರಲ್ಲ. ರೇಷನ್ ಅಂಗಡಿ ಮುಂದಿನ ಸಾಲಿನ ಹಾಗೆ ಅದು. ಇವತ್ತು ಯಾರು ಮೊದಲು ಬಂದರೋ ಅವರು ಮೊದಲು. ನಾಳೆ ಸಾಲು ಬೇರೆ. ಕಂಪ್ಯೂಟರ್ ಆನ್ ಆದಾಗ ವಿಂಡೋಸ್ ಡಿಸ್ಕ್‌ಗಳನ್ನು ಒಂದೊಂದಾಗಿ ಕಂಡುಹಿಡಿಯುತ್ತದೆ, ಕಂಡ ಹಾಗೆ ನಂಬರ್ ಕೊಡುತ್ತದೆ. ಮದರ್‌ಬೋರ್ಡಿನಲ್ಲಿ ಡಿಸ್ಕ್ ಕೇಬಲ್ ಸಿಕ್ಕಿಸುವ ಜಾಗದ ಪಕ್ಕ ಸಾಟಾ 1, ಸಾಟಾ 2 ಅಂತ ಅಚ್ಚಾಗಿರುತ್ತದಲ್ಲ, ಆ ನಂಬರಿಗೂ ಇದಕ್ಕೂ ಹೊಂದಲೇಬೇಕು ಅಂತೇನಿಲ್ಲ. ವಿಂಡೋಸ್ ಇರುವ ಎಸ್‌ಎಸ್‌ಡಿ ಯಾವಾಗಲೂ ಡಿಸ್ಕ್ 0 ಆಗಿರುತ್ತದೆ ಅಂತಲೂ ನಂಬಬೇಡಿ. ಸಿ ಡ್ರೈವ್ ಡಿಸ್ಕ್ 2ರಲ್ಲಿ ಇರುವ ಕಂಪ್ಯೂಟರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಕ್ಷರ ಏಕೆ ಬದಲಾಗಲಿಲ್ಲ ಅಂದರೆ, ಅದನ್ನು ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ. ರಿಜಿಸ್ಟ್ರಿಯಲ್ಲಿ ಮೌಂಟೆಡ್ ಡಿವೈಸಸ್ ಅನ್ನುವ ಜಾಗವಿದೆ. ಯಾವ ಗುರುತಿನ ಪಾರ್ಟಿಷನ್‌ಗೆ, ಅಂದರೆ ಡಿಸ್ಕಿನ ಯಾವ ಭಾಗಕ್ಕೆ, ಯಾವ ಅಕ್ಷರ ಅನ್ನುವುದು ಅಲ್ಲಿ ಬರೆದಿರುತ್ತದೆ. ಆ ಭಾಗಗಳ ಪಟ್ಟಿಯನ್ನು ಡಿಸ್ಕಿನಲ್ಲಿ ಬರೆಯಲು ಎರಡು ಪದ್ಧತಿ, ಹಳೆಯ ಎಂಬಿಆರ್ ಮತ್ತು ಹೊಸ ಜಿಪಿಟಿ. ಎಂಬಿಆರ್ ಡಿಸ್ಕ್ ಆದರೆ ಅದರ 4 ಬೈಟ್ ಸಹಿ, ಜೊತೆಗೆ ಪಾರ್ಟಿಷನ್ ಎಲ್ಲಿಂದ ಶುರು ಅನ್ನುವ ಲೆಕ್ಕ. ಜಿಪಿಟಿ ಆದರೆ ಪಾರ್ಟಿಷನ್‌ಗೇ ಒಂದು ಉದ್ದನೆಯ ಗುರುತು ಇರುತ್ತದೆ. ನಿಮ್ಮದು 4 ಟಿಬಿ, ಪೂರ್ತಿ ಬಳಸುತ್ತಿದ್ದೀರಿ, ಹಾಗಾಗಿ ಜಿಪಿಟಿಯೇ ಇರಬೇಕು. ಸಾಮಾನ್ಯ ಡಿಸ್ಕ್‌ಗಳಲ್ಲಿ ಎಂಬಿಆರ್ 2 ಟಿಬಿ ದಾಟುವುದಿಲ್ಲ.

ಈಗ ಮಾಡಬೇಕಾದ್ದು. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಗೆಟ್-ಡಿಸ್ಕ್ ಅಂತ ಟೈಪ್ ಮಾಡಿ. ನಂಬರ್ ಪಕ್ಕದಲ್ಲೇ ಸೀರಿಯಲ್ ನಂಬರ್ ಬರುತ್ತದೆ. ಅದೇ ನಂಬರ್ ಡಿಸ್ಕಿನ ಮೇಲಿನ ಲೇಬಲ್‌ನಲ್ಲೂ ಅಚ್ಚಾಗಿರುತ್ತದೆ. ಕ್ಯಾಬಿನೆಟ್ ಬಿಚ್ಚಿ, ಟಾರ್ಚ್ ಹಿಡಿದು, ಎರಡನ್ನೂ ತಾಳೆ ನೋಡಿ. ಕೊನೆಯ ನಾಲ್ಕು ಅಕ್ಷರಗಳನ್ನು ಟೇಪ್ ಮೇಲೆ ಬರೆದು ಡಿಸ್ಕಿನ ಹೊರಬದಿಗೆ ಅಂಟಿಸಿ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಾದ ನಂಬರ್ ಅದು.

ಇನ್ನೊಂದು ವಿಷಯ ಹೇಳಿ. ಹೊಸದಕ್ಕೆ ಫೈಲ್‌ಗಳನ್ನು ಕಾಪಿ ಮಾಡಿದಿರಾ, ಇಲ್ಲ ಕ್ಲೋನ್ ಸಾಫ್ಟ್‌ವೇರ್ ಬಳಸಿದಿರಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಕೇಳಿದವರು

ಸುಮ್ನೆ ಫೋಲ್ಡರ್ ಕಾಪಿ ಮಾಡಿದ್ದು. ಕ್ಲೋನ್ ಮಾಡಿಲ್ಲ. ಮಾಡಿದ್ದರೆ ಏನಾಗುತ್ತಿತ್ತು?

ಕಂಪ್ಯೂಟರ್ ರಿಪೇರಿ ಮಾಡುವವರು

ಒಳ್ಳೆಯದೇ ಆಯಿತು. ಕ್ಲೋನ್ ಅಂದರೆ ಡಿಸ್ಕಿನಲ್ಲಿ ಬರೆದಿದ್ದೆಲ್ಲ ಹಾಗೇ ಇಳಿಯುತ್ತದೆ. ಎಷ್ಟೋ ಸಾರಿ ಆ ಸಹಿಯೂ ಜೊತೆಗೆ ಹೋಗುತ್ತದೆ. ಆಗ ಒಂದೇ ಗುರುತಿನ ಎರಡು ಡಿಸ್ಕ್ ಆಗುತ್ತವೆ. ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ, ಸಹಿ ಡಿಕ್ಕಿ ಹೊಡೆಯುತ್ತಿದೆ ಅನ್ನುವ ಅರ್ಥದ ಸಂದೇಶ ತೋರಿಸುತ್ತದೆ. ಅದನ್ನು ಆನ್‌ಲೈನ್ ಮಾಡಿದರೆ ವಿಂಡೋಸ್ ಆ ಡಿಸ್ಕಿಗೆ ಹೊಸ ಸಹಿ ಬರೆಯುತ್ತದೆ. ಅದು ಬೂಟ್ ಆಗಬೇಕಾದ ಡಿಸ್ಕ್ ಆಗಿದ್ದರೆ ಆಮೇಲೆ ಬೂಟ್ ಆಗದೇ ಹೋಗಬಹುದು. ಒಬ್ಬ ಗಿರಾಕಿಯ ಕಂಪ್ಯೂಟರಿನಲ್ಲಿ ನನಗೇ ಹೀಗಾಯಿತು, ಸರಿ ಮಾಡಲು ಅರ್ಧ ದಿನ ಹಿಡಿಯಿತು. ಅವತ್ತಿನಿಂದ ಕ್ಲೋನ್ ಮುಗಿದ ಕೂಡಲೇ ಆಫ್ ಮಾಡಿ, ಹಳೆಯ ಡಿಸ್ಕ್ ಕಳಚಿಟ್ಟು, ಆಮೇಲೇ ಮೊದಲ ಬೂಟ್ ಮಾಡುತ್ತೇನೆ.

ಲಿನಕ್ಸ್ ಬಳಸುವವರು, ಶಿವಮೊಗ್ಗ

ನನ್ನ ಅನುಭವ ಹೇಳುತ್ತೇನೆ. ಹೇಳುವಾಗ ಈಗಲೂ ಹೊಟ್ಟೆ ಹಿಂಡುತ್ತದೆ. ಪೆನ್‌ಡ್ರೈವ್‌ಗೆ ಐಎಸ್‌ಒ (ಇಡೀ ಡಿಸ್ಕಿನ ಪ್ರತಿ ಇರುವ ಫೈಲ್) ಬರೆಯಲು ಡಿಡಿ ಕಮಾಂಡ್ ಬಳಸುತ್ತಿದ್ದೆ. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹಾಗೇ ಇಳಿಸುವ ಕಮಾಂಡ್ ಅದು. ಹಿಂದಿನ ದಿನ ಪೆನ್‌ಡ್ರೈವ್ ಎಸ್‌ಡಿಬಿ ಆಗಿತ್ತು. ಟರ್ಮಿನಲ್‌ನಲ್ಲಿ ಮೇಲಿನ ಬಾಣದ ಕೀಲಿ ಒತ್ತಿದೆ, ಹಳೆಯ ಕಮಾಂಡ್ ಬಂತು, ಎಂಟರ್ ಒತ್ತಿದೆ. ಅವತ್ತು ಎಸ್‌ಡಿಬಿ ಆಗಿದ್ದದ್ದು ನನ್ನ ಎರಡನೇ ಹಾರ್ಡ್ ಡಿಸ್ಕ್. ಮಗಳ ನಾಮಕರಣದ ಫೋಟೋಗಳು ಅದರಲ್ಲಿದ್ದವು. ಕೆಲವು ಮಾತ್ರ ವಾಪಸ್ ಸಿಕ್ಕವು. ಡಿಡಿ ಒಂದು ಮಾತೂ ಕೇಳುವುದಿಲ್ಲ, ಹೇಳಿದ ಕಡೆ ಬರೆದುಬಿಡುತ್ತದೆ.

ಹಿಂದೆ ಹೀಗಿರಲಿಲ್ಲ. ಅಗಲವಾದ ಪಟ್ಟಿ ಕೇಬಲ್‌ನ ಐಡಿಇ ಡಿಸ್ಕ್‌ಗಳ ಕಾಲದಲ್ಲಿ ಹೆಸರು ಎಚ್‌ಡಿಎ, ಎಚ್‌ಡಿಬಿ ಅಂತ ಇತ್ತು. ಮೊದಲ ಕೇಬಲ್‌ನ ಮಾಸ್ಟರ್ ಎಚ್‌ಡಿಎ, ಸ್ಲೇವ್ ಎಚ್‌ಡಿಬಿ. ಎರಡನೇ ಕೇಬಲ್‌ನ ಮಾಸ್ಟರ್ ಎಚ್‌ಡಿಸಿ. ನಡುವೆ ಒಂದು ಡಿಸ್ಕ್ ತೆಗೆದರೂ ಉಳಿದವುಗಳ ಹೆಸರು ಅಲುಗಾಡುತ್ತಿರಲಿಲ್ಲ. ಕೂತ ಜಾಗವೇ ಹೆಸರು. 2007ರ ಸುಮಾರಿಗೆ ಐಡಿಇ ಡಿಸ್ಕ್‌ಗಳೂ ಎಸ್‌ಡಿ ಗುಂಪಿಗೆ ಸೇರಿಕೊಂಡವು. ಎಸ್‌ಡಿ ಗುಂಪಿನಲ್ಲಿ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಡಿಸ್ಕ್‌ಗಳನ್ನು ಕಂಡ ಕ್ರಮವೇ ಹೆಸರು. ಸಾಟಾ, ಯುಎಸ್‌ಬಿ ಎಲ್ಲಾ ಒಂದೇ ಸಾಲಿನಲ್ಲಿ. ಹಲವು ಡಿಸ್ಕ್‌ಗಳನ್ನು ಕರ್ನಲ್ ಒಟ್ಟೊಟ್ಟಿಗೆ ಹುಡುಕುವುದರಿಂದ, ಯಾವುದು ಬೇಗ ಉತ್ತರ ಕೊಡುತ್ತದೋ ಅದು ಮುಂದೆ. ನಿಮ್ಮ ಹಳೆಯ ಡಿಸ್ಕ್ ಕೆಡುತ್ತಾ ಬಂದಿದೆ ಅಂದಿರಿ. ಅದು ಎದ್ದೇಳಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿರಬಹುದು. ಅದಕ್ಕೇ ಸಾಲಿನಲ್ಲಿ ಹಿಂದೆ ಬಿದ್ದಿರಬಹುದು.

ಎನ್‌ವಿಎಂಇ ಎಸ್‌ಎಸ್‌ಡಿಗಳದ್ದು ಬೇರೆ ಸಾಲು. ಎನ್‌ವಿಎಂಇ0ಎನ್1ಪಿ2 ಅಂದರೆ ಮೊದಲ ಕಂಟ್ರೋಲರ್, ಅದರ ಮೊದಲ ನೇಮ್‌ಸ್ಪೇಸ್ (ಎಸ್‌ಎಸ್‌ಡಿಯೊಳಗಿನ ಒಂದು ವಿಭಾಗ), ಎರಡನೇ ಪಾರ್ಟಿಷನ್. ಕಂಟ್ರೋಲರ್ ಎಣಿಕೆ ಸೊನ್ನೆಯಿಂದ, ಉಳಿದ ಎರಡೂ ಒಂದರಿಂದ. ಆನ್ ಆದಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್ ಬೂಟ್‌ಲೋಡರಿನಲ್ಲಿ ಇನ್ನೂ ಗೊಂದಲ ಇತ್ತು. ಹಳೆಯ ಗ್ರಬ್ ಡಿಸ್ಕನ್ನೂ ಪಾರ್ಟಿಷನ್ನನ್ನೂ ಸೊನ್ನೆಯಿಂದ ಎಣಿಸುತ್ತಿತ್ತು. ಗ್ರಬ್ 2 ಬಂದ ಮೇಲೆ ಡಿಸ್ಕ್ ಸೊನ್ನೆಯಿಂದಲೇ, ಪಾರ್ಟಿಷನ್ ಮಾತ್ರ ಒಂದರಿಂದ. ಹಳೆಯ ಪಾಠ ನೋಡಿ ಹೊಸದರಲ್ಲಿ ಟೈಪ್ ಮಾಡಿ ಎಷ್ಟು ಜನ ಪೇಚಾಡಿದ್ದಾರೋ.

ನೀವು ಲಿನಕ್ಸ್‌ನಲ್ಲಿ ಅಳಿಸುವುದಾದರೆ ಎಸ್‌ಡಿಎ ಅಂತ ಟೈಪ್ ಮಾಡಲೇಬೇಡಿ. ಡೆವ್ ಫೋಲ್ಡರಿನೊಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಅನ್ನುವ ಫೋಲ್ಡರ್ ಇದೆ. ಅಲ್ಲಿ ಪ್ರತಿ ಡಿಸ್ಕಿಗೂ ಮಾಡೆಲ್ ಮತ್ತು ಸೀರಿಯಲ್ ನಂಬರ್ ಸೇರಿದ ಉದ್ದ ಹೆಸರು ಇರುತ್ತದೆ. ಆ ಹೆಸರನ್ನೇ ಕಮಾಂಡ್‌ಗೆ ಕೊಡಿ. ಟೈಪ್ ಮಾಡಲು ಬೇಜಾರು, ನಿಜ. ಆದರೆ ಅದನ್ನು ಓದುವಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ಇನ್ನೊಬ್ಬರು

ಬೈ-ಐಡಿ ಪಕ್ಕದಲ್ಲೇ ಬೈ-ಯುಯುಐಡಿ ಕೂಡ ಇದೆ ಅಲ್ವಾ? ಬೂಟ್ ಆಗುವಾಗ ಯಾವುದನ್ನು ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ನಾನು ಯುಯುಐಡಿ ಅನ್ನುವ ಉದ್ದ ಗುರುತನ್ನು ಬರೆದಿದ್ದೇನೆ, ಎಂದೂ ತೊಂದರೆ ಆಗಿಲ್ಲ. ಅದನ್ನೇ ಬಳಸಬಹುದಲ್ಲ?

ಲಿನಕ್ಸ್ ಬಳಸುವವರು, ಶಿವಮೊಗ್ಗ

ಎಫ್‌ಸ್ಟ್ಯಾಬ್‌ಗೆ ಅದೇ ಸರಿ. ಅಳಿಸುವ ಕೆಲಸಕ್ಕೆ ಬೇಡ. ಯುಯುಐಡಿ ಡಿಸ್ಕಿನದಲ್ಲ, ಅದರ ಮೇಲೆ ಮಾಡಿದ ಫೈಲ್‌ಸಿಸ್ಟಮ್‌ನದು, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಏರ್ಪಾಡಿನದು. ಫಾರ್ಮ್ಯಾಟ್ ಮಾಡಿದರೆ ಹೊಸದಾಗುತ್ತದೆ. ಕ್ಲೋನ್ ಮಾಡಿದರೆ ಎರಡು ಕಡೆ ಒಂದೇ ಇರುತ್ತದೆ. ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಆದರೆ ಒಂದೇ ಯುಯುಐಡಿಯ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದೇ ಇಲ್ಲ. ಸೀರಿಯಲ್ ನಂಬರ್ ಮಾತ್ರ ಕಾರ್ಖಾನೆಯಿಂದ ಬಂದದ್ದು, ಫಾರ್ಮ್ಯಾಟ್ ಅದನ್ನು ಮುಟ್ಟುವುದಿಲ್ಲ. ಒಳಗಿನ ಫೈಲ್‌ಗಳು ಬೇಕಾದಾಗ ಯುಯುಐಡಿ. ಕೈಯಲ್ಲಿ ಹಿಡಿಯುವ ಡಬ್ಬಿ ಬೇಕಾದಾಗ ಸೀರಿಯಲ್.

ಎಫ್‌ಸ್ಟ್ಯಾಬ್ ಅಂದಿದ್ದಕ್ಕೆ ಇನ್ನೊಂದು ಮಾತು. ಆಗಾಗ ತೆಗೆಯುವ ಡಿಸ್ಕ್ ಆದರೆ ನೋಫೇಲ್ ಅನ್ನುವ ಆಯ್ಕೆ ಸೇರಿಸಿ. ಇಲ್ಲದಿದ್ದರೆ ಆ ಡಿಸ್ಕ್ ಇಲ್ಲದ ದಿನ ಸಿಸ್ಟಮ್‌ಡಿ (ಬೂಟ್ ಕೆಲಸಗಳನ್ನು ನಡೆಸುವ ಪ್ರೋಗ್ರಾಮ್) ಇರುವ ಲಿನಕ್ಸ್ ಕಂಪ್ಯೂಟರ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ.

ವಿಡಿಯೊ ಎಡಿಟರ್, ಮ್ಯಾಕ್‌ನಲ್ಲಿ

ನಮ್ಮಲ್ಲೂ ಡಿಸ್ಕ್0, ಡಿಸ್ಕ್1 ಅಂತಲೇ. ಆದರೆ ಆಪಲ್‌ನ ಫೈಲ್‌ಸಿಸ್ಟಮ್ ಎಪಿಎಫ್‌ಎಸ್ ಬಂದ ಮೇಲೆ ಒಂದೇ ಎಸ್‌ಎಸ್‌ಡಿ ಎರಡು ನಂಬರಿನಲ್ಲಿ ಕಾಣುತ್ತದೆ. ಒಂದು ನಿಜವಾದ ಡಿಸ್ಕ್, ಇನ್ನೊಂದು ಸಿಸ್ಟಮ್ ತಾನೇ ಕಟ್ಟಿಕೊಂಡದ್ದು. ಡಿಸ್ಕ್‌ಯುಟಿಲ್ ಲಿಸ್ಟ್ ಕೊಟ್ಟರೆ ಪಕ್ಕದಲ್ಲಿ ಫಿಸಿಕಲ್, ಸಿಂಥೆಸೈಸ್ಡ್ ಅಂತ ಬರೆದಿರುತ್ತದೆ. ಮೊದಲ ಸಲ ನೋಡಿದಾಗ, ಇಲ್ಲದ ಡಿಸ್ಕ್ ಎಲ್ಲಿಂದ ಬಂತು ಅಂತ ಗಾಬರಿಯಾಗಿತ್ತು.

ಸರ್ವರ್ ನೋಡಿಕೊಳ್ಳುವವರು, ಬೆಂಗಳೂರು

ನಮ್ಮಲ್ಲಿ ಒಂದೊಂದು ಪೆಟ್ಟಿಗೆಯಲ್ಲಿ 24 ಡಿಸ್ಕ್. ಹೆಸರು ಎಸ್‌ಡಿಎಯಿಂದ ಶುರುವಾಗುತ್ತದೆ, ಎಸ್‌ಡಿಜಡ್ ಮುಗಿದ ಮೇಲೆ ಎಸ್‌ಡಿಎಎ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ರೇಡ್ 5ರ ಒಂದು ಡಿಸ್ಕ್ ಕೆಟ್ಟಿತು. ರೇಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡು ಹೋದರೆ ಇಲ್ಲ. ಸಹೋದ್ಯೋಗಿ ಹೆಸರಿನ ಕ್ರಮ ನೋಡಿ, ಎಡದಿಂದ ಎಣಿಸಿ, ಒಂದು ಟ್ರೇ ಎಳೆದರು. ಎಳೆದದ್ದು ಚೆನ್ನಾಗಿದ್ದ ಡಿಸ್ಕ್. ಆ ಕ್ಷಣಕ್ಕೆ ಇಡೀ ರೇಡ್ ನಿಂತುಹೋಯಿತು. ಬ್ಯಾಕಪ್ ಇದ್ದದ್ದರಿಂದ ಉಳಿದೆವು, ಆದರೆ ಎರಡು ರಾತ್ರಿ ನಿದ್ದೆ ಇರಲಿಲ್ಲ.

ಈಗ ನಾವು ಡಿಸ್ಕ್ ಒಳಗೆ ಹಾಕುವ ಮುಂಚೆಯೇ ಟ್ರೇ ಮುಂಭಾಗಕ್ಕೆ ಸೀರಿಯಲ್‌ನ ಕೊನೆಯ ಅಂಕಿಗಳನ್ನು ಅಂಟಿಸುತ್ತೇವೆ. ಆಮೇಲೆ ಅಂಟಿಸೋಣ ಅಂದರೆ ಆಗುವುದಿಲ್ಲ, ಅದಕ್ಕೆ ಮತ್ತೆ ಎಲ್ಲವನ್ನೂ ಎಳೆಯಬೇಕು. ಜಡ್‌ಎಫ್‌ಎಸ್ (ಇದೂ ಹಲವು ಡಿಸ್ಕ್ ಸೇರಿಸಿ ನಡೆಸುವ ಫೈಲ್‌ಸಿಸ್ಟಮ್) ಪೂಲ್‌ಗಳನ್ನು ಬೈ-ಐಡಿ ಹೆಸರಿನಿಂದಲೇ ಕಟ್ಟುತ್ತೇವೆ. ಜಡ್‌ಎಫ್‌ಎಸ್ ತನ್ನ ಗುರುತನ್ನು ಡಿಸ್ಕಿನ ಮೇಲೇ ಬರೆದುಕೊಂಡಿರುತ್ತದೆ. ಎಲ್ಲ ಡಿಸ್ಕ್ ಕಳಚಿ ಬೇರೆ ಕ್ರಮದಲ್ಲಿ ಹಾಕಿದರೂ ಅದು ತನ್ನವರನ್ನು ಗುರುತು ಹಿಡಿಯುತ್ತದೆ. ಬೈ-ಐಡಿ ಬೇಕಾಗಿರುವುದು ನಮಗೆ. ಯಾವ ಡಿಸ್ಕ್ ಕೆಟ್ಟಿದೆ ಅಂತ ಅದು ಹೇಳಿದಾಗ, ನಮ್ಮ ಕೈ ಸರಿಯಾದ ಟ್ರೇಗೆ ಹೋಗಬೇಕಲ್ಲ.

ಲೇಬಲ್ ಇಲ್ಲದ ಪೆಟ್ಟಿಗೆ ಆದರೆ ಒಂದು ಉಪಾಯ. ಡಿಡಿಯಿಂದ ಆ ಡಿಸ್ಕನ್ನು ಸುಮ್ನೆ ಓದಿಸಿ, ಓದಿದ್ದನ್ನು ನಲ್‌ಗೆ, ಅಂದರೆ ಎಲ್ಲೂ ಉಳಿಯದ ಹಾಗೆ, ಕಳಿಸಿ. ಅದರ ದೀಪ ಬಿಡದೆ ಮಿನುಗುತ್ತದೆ. ಕೆಟ್ಟ ಡಿಸ್ಕ್ ಮಾತೇ ಆಡದಿದ್ದರೆ ಉಳಿದ ಎಲ್ಲವನ್ನೂ ಓದಿಸಿ, ಮಿನುಗದೆ ಉಳಿದದ್ದೇ ಅದು. ಡಿಡಿಯಲ್ಲಿ ಇನ್‌ಪುಟ್, ಔಟ್‌ಪುಟ್ ಅದಲು ಬದಲಾಗದ ಹಾಗೆ ಎರಡು ಸಲ ಓದಿಕೊಳ್ಳಿ.

ಸ್ಟುಡಿಯೊದವರಿಗೆ ಒಂದು ಎಚ್ಚರಿಕೆ. ಡಿಸ್ಕನ್ನು ಹೊರಗೆ ತೆಗೆದು ಯುಎಸ್‌ಬಿ ಡಬ್ಬಿಗೆ ಹಾಕಿ ಅಳಿಸೋಣ ಅಂದುಕೊಂಡರೆ, ಅಲ್ಲಿ ಕಾಣುವ ಸೀರಿಯಲ್ ನಂಬರನ್ನು ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಡಬ್ಬಿಗಳ ಒಳಗಿನ ಚಿಪ್ ಡಿಸ್ಕಿನ ನಂಬರ್ ಬದಲು ತನ್ನ ನಂಬರನ್ನೇ ಹೇಳುತ್ತದೆ.

ಕೊನೆಗೆ ಒಂದು ಪ್ರಶ್ನೆ. ಹಳೆಯದನ್ನು ಅಳಿಸಿದ ಮೇಲೆ ಆ ಫೋಟೋಗಳ ಎಷ್ಟು ಪ್ರತಿ ಉಳಿಯುತ್ತದೆ?

ಕೇಳಿದವರು

ಒಂದೇ. ಈ ಪ್ರಶ್ನೆ ಓದಿದ ಮೇಲೆ ಅಳಿಸುವ ಕೆಲಸ ನಿಲ್ಲಿಸಿದ್ದೇನೆ. ನಾಳೆ ಒಂದು ಹೊರಗಿನ ಡಿಸ್ಕ್ ತಂದು ಇನ್ನೊಂದು ಪ್ರತಿ ಮಾಡುತ್ತೇನೆ.

ಕಂಪ್ಯೂಟರ್ ರಿಪೇರಿ ಮಾಡುವವರು

ಹಾಗೇ ಮಾಡಿ. ಪ್ರತಿ ಆದ ಮೇಲೆ ಅಲ್ಲಲ್ಲಿ ಒಂದಷ್ಟು ಫೋಟೋ, ವಿಡಿಯೊ ತೆರೆದು ನೋಡಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಹೊಸ ಡಿಸ್ಕಿನ ಪವರ್ ಮತ್ತು ಡೇಟಾ ಕೇಬಲ್ ಎರಡನ್ನೂ ಕಿತ್ತಿಡಿ. ಹೊರಗಿನದನ್ನೂ ತೆಗೆದಿಡಿ. ಒಳಗೆ ಇಲ್ಲದ ಡಿಸ್ಕನ್ನು ಯಾವ ತಪ್ಪು ಕಮಾಂಡೂ ಅಳಿಸಲಾರದು. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡ್ ತೆರೆದು ಲಿಸ್ಟ್ ಡಿಸ್ಕ್ ಕೊಡಿ. 4 ಟಿಬಿಯದು 3726 ಜಿಬಿ ಅಂತ ಕಾಣುತ್ತದೆ, ಕಂಪನಿಯ ಲೆಕ್ಕ ಬೇರೆ, ವಿಂಡೋಸ್ ಲೆಕ್ಕ ಬೇರೆ. ಸೆಲೆಕ್ಟ್ ಮಾಡಿದ ಮೇಲೆ ಮತ್ತೊಮ್ಮೆ ಲಿಸ್ಟ್ ಕೊಡಿ, ಆಯ್ಕೆಯಾದ ಡಿಸ್ಕಿನ ಮುಂದೆ ನಕ್ಷತ್ರ ಇರುತ್ತದೆ. ಡೀಟೇಲ್ ಡಿಸ್ಕ್ ಕೊಟ್ಟು ಒಳಗಿನ ವಾಲ್ಯೂಮ್ ಹೆಸರೂ ನೋಡಿಕೊಳ್ಳಿ. ಬರೀ ಕ್ಲೀನ್ ಅಂದರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗುತ್ತದೆ, ಫೋಟೋಗಳನ್ನು ಮತ್ತೆ ಎತ್ತಬಹುದು. ಕ್ಲೀನ್ ಆಲ್ ಅಂದರೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. 4 ಟಿಬಿಗೆ ಏಳೆಂಟು ಗಂಟೆ ಇಟ್ಟುಕೊಳ್ಳಿ. ಕೆಟ್ಟ ಡಿಸ್ಕ್ ಆದ್ದರಿಂದ ಇನ್ನೂ ಜಾಸ್ತಿ ಆಗಬಹುದು.

ಕೇಳಿದವರು, ನಾಲ್ಕು ದಿನದ ನಂತರ

ಮುಗಿಯಿತು. ಹೊರಗಿನ ಡಿಸ್ಕ್‌ಗೆ ಇನ್ನೊಂದು ಪ್ರತಿ ಆಯಿತು. ಅದನ್ನು ಮನೆಯಲ್ಲಿ ಇಟ್ಟಿದ್ದೇನೆ. ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಎರಡು ಡಿಸ್ಕ್‌ಗಳ ಸೀರಿಯಲ್‌ನಲ್ಲಿ ಮೊದಲ ನಾಲ್ಕು ಅಕ್ಷರ ಒಂದೇ, ಕೊನೆಯವು ಮಾತ್ರ ಬೇರೆ. ಮೊದಲನೆಯದನ್ನಷ್ಟೇ ಓದಿ ಮುಂದೆ ಹೋಗಿದ್ದರೆ ಮತ್ತೆ ಎಡವುತ್ತಿದ್ದೆ. ಎರಡಕ್ಕೂ ಟೇಪ್ ಅಂಟಿಸಿದೆ. ಹೊಸದರ ಕೇಬಲ್ ಕಿತ್ತಿಟ್ಟು ಆನ್ ಮಾಡಿದರೆ, ಬೆಳಿಗ್ಗೆ ಡಿಸ್ಕ್ 2 ಆಗಿದ್ದ ಹಳೆಯದು ಡಿಸ್ಕ್ 1 ಆಗಿ ಕೂತಿತ್ತು. ಗೆಟ್-ಡಿಸ್ಕ್‌ನಲ್ಲಿ ಸೀರಿಯಲ್ ತಾಳೆ ನೋಡಿ ರಾತ್ರಿ ಒಂಬತ್ತಕ್ಕೆ ಕ್ಲೀನ್ ಆಲ್ ಕೊಟ್ಟೆ. ಬೆಳಿಗ್ಗೆ ಎಂಟಕ್ಕೆ ಮುಗಿದಿತ್ತು. ಮಧ್ಯಾಹ್ನ ಕೊರಿಯರ್‌ಗೆ ಕೊಟ್ಟು ಬಂದೆ.