ಸೈಲೆಂಟ್ ಶಟರ್ ಹಾಕಿದರೆ ಗಾಯಕಿಯ ಮುಖದ ಮೇಲೆ ಅಡ್ಡಪಟ್ಟೆ, ಏನು ಮಾಡಲಿ?

ತಂಬೂರಿ ತಂತಿ:
ನಮ್ಮ ಬಡಾವಣೆಯ ರಾಮನವಮಿ ಸಂಗೀತ ಕಚೇರಿಯಲ್ಲಿ ಫೋಟೋ ತೆಗೆದೆ. ಮುಕ್ಕಾಲು ಪಾಲು ಹಾಳು. ಗಾಯಕಿಯ ಮುಖದ ಮೇಲೆ ಜಮಖಾನದ ಹಾಗೆ ಅಡ್ಡಪಟ್ಟೆ. 50 ಎಂಎಂ ಲೆನ್ಸ್, ಎಫ್ 1.8, ಶಟರ್ 1/500 ಸೆಕೆಂಡು, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400. ಆಲಾಪನೆಯ ನಡುವೆ ಟಕಟಕ ಅಂದರೆ ಮುಂದಿನ ಸಾಲಿನ ಹಿರಿಯರು ತಿರುಗಿ ನೋಡುತ್ತಾರೆ. ಅದಕ್ಕೇ ಸೈಲೆಂಟ್ ಮೋಡ್ ಹಾಕಿದ್ದೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಕೆಟ್ಟಿದೆಯಾ?

ಕೊನೇ ಸಾಲು:
ಸೆನ್ಸರ್ ಚೆನ್ನಾಗಿಯೇ ಇದೆ. ನಮ್ಮ ಕರೆಂಟು 50 ಹರ್ಟ್ಜ್, ಅಲ್ವಾ? ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಸೈಲೆಂಟ್ ಮೋಡಿನಲ್ಲಿ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ಓದುತ್ತದೆ. ಒಂದು ಸಾಲಿಗೆ ದೀಪ ಉರಿದಾಗಿನ ಬೆಳಕು, ಇನ್ನೊಂದಕ್ಕೆ ಮಂಕಾದಾಗಿನದು. ಅದೇ ಪಟ್ಟೆ.

ಶಟರ್ 1/100ಕ್ಕೆ ಇಳಿಸಿ. ಆಗ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗು ಸಿಗುತ್ತದೆ. ಬೆಳಕು ಐದು ಪಟ್ಟು ಬರುವುದರಿಂದ ಐಎಸ್ಒ 1250 ಸಾಕು, ಗ್ರೇನ್ ಅಂದರೆ ಚುಕ್ಕಿಚುಕ್ಕಿಯ ಕಾಟವೂ ಕಡಿಮೆ.

ತಂಬೂರಿ ತಂತಿ:
1/100ರಲ್ಲಿ ಮೃದಂಗದವರ ಕೈ ಮಸುಕಾಗುವುದಿಲ್ಲವೇ?

ಕೊನೇ ಸಾಲು:
ಆಗುತ್ತದೆ, ಆಗಲಿ ಬಿಡಿ. ಮುಖ ಚೂಪಾಗಿದ್ದು ಬೆರಳು ಸ್ವಲ್ಪ ಅಲುಗಿದರೆ ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಕೈ ಕಲ್ಲಿನಂತೆ ನಿಂತ ಫೋಟೋ ನನಗೆ ಸಪ್ಪೆ. ಚೂಪಾಗಿಯೇ ಬೇಕೆಂದರೆ ತನಿ ಆವರ್ತನಕ್ಕೆ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗಕ್ಕೆ, ಕಾಯಿರಿ. ಆಗ ಸದ್ದು ಮಾಡುವ ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ದೀಪದ ಮಿನುಗಿಗೆ ಹೊಂದಿಸಿ ಕ್ಲಿಕ್ ಮಾಡುವ ಫ್ಲಿಕರ್ ರಿಡಕ್ಷನ್ ಇದ್ದರೆ ಆನ್ ಮಾಡಿ, 1/500 ಇಡಿ. ಆ ಅಬ್ಬರದಲ್ಲಿ ನಿಮ್ಮ ಟಕಟಕ ಯಾರಿಗೂ ಕೇಳುವುದಿಲ್ಲ. ಗಾಯಕಿಗೆ ಮಾತ್ರ 1/100 ಸಾಕು. ಮೇಲಿನ ಷಡ್ಜದಲ್ಲಿ ನಿಂತಾಗ ಮುಖವೂ ನಿಲ್ಲುತ್ತದೆ, ಆಗ ಒತ್ತಿ.

ಕಪ್ಪು ಪರದೆ:
ಇನ್ನೊಂದು ಮಾತು. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಮ್ಯಾನ್ಯುಯಲ್ ಹಾಕಿ, ಮುಖದ ಮೇಲಿನ ಬೆಳಕನ್ನು ಒಮ್ಮೆ ಅಳೆದು ಹಾಗೇ ಬಿಡಿ. ಸೆನ್ಸರಿನ ಮಾಹಿತಿಯನ್ನು ಇದ್ದ ಹಾಗೇ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ, ಹಳದಿ ಬಣ್ಣ ಆಮೇಲೆ ಸರಿ ಮಾಡಬಹುದು. ಫೋಕಸ್ ಸಹಾಯಕ್ಕೆ ಉರಿಯುವ ಕೆಂಪು ದೀಪ ಆಫ್ ಮಾಡಿ. ಕಣ್ಣಿಗೆ ಹೊಡೆದರೆ ಪಿಟೀಲಿನವರು ಸುಮ್ನೆ ಇರುವುದಿಲ್ಲ!

ತಂಬೂರಿ ತಂತಿ:
ನಿನ್ನೆ ಇನ್ನೊಂದು ಕಚೇರಿಗೆ ಹೋಗಿದ್ದೆ. ಮುಖದ ಪಟ್ಟೆ ಪೂರ್ತಿ ಹೋಯಿತು. ಹಿಂದಿನ ನೀಲಿ ಎಲ್‌ಇಡಿ ಬಿದ್ದ ಕಡೆ ಮಾತ್ರ ಸಣ್ಣ ಗೆರೆ ಉಳಿದಿವೆ.

ಕೊನೇ ಸಾಲು:
ಅದು ದೀಪದ ಬೆಳಕು ಕಡಿಮೆ ಮಾಡುವ ಡಿಮ್ಮರಿನ ಕೆಲಸ. ಅದು ಮಿನುಗುವ ವೇಗವೇ ಬೇರೆ, 1/100ರ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಆ ದೀಪದ ಬೆಳಕು ಬಿದ್ದ ಜಾಗ ಫ್ರೇಮಿಗೆ ಬಾರದಂತೆ ಕೂತುಕೊಳ್ಳಿ. ಗಾಯಕಿಯ ಬಾಯಿಗೆ ಅಡ್ಡ ಬರುವ ಮೈಕೂ ಅದರಿಂದಲೇ ತಪ್ಪುತ್ತದೆ.