ಕಾಣೆಯಾದ ಗಡಿಕಲ್ಲಿನ ಜಾಗವನ್ನು ಭೂಮಾಪಕರು ಹೇಗೆ ಗುರುತಿಸುತ್ತಾರೆ?

ಪ್ರಶ್ನೆ:
ನಮ್ಮ ಜಮೀನಿನ ಒಂದು ಬದಿಯಲ್ಲಿದ್ದ ಮೂರು ಗಡಿಕಲ್ಲುಗಳ ಪೈಕಿ ನಡುವಿನದು ಈಗ ಕಾಣುತ್ತಿಲ್ಲ. ಹಳೆಯ ನಕಾಶೆಯಲ್ಲಿ ಅಳತೆಗಳು ಸ್ಪಷ್ಟವಾಗಿವೆ. ಅಷ್ಟೇ ದೂರವನ್ನು ಇಂದಿನ ಉಪಕರಣದಿಂದ ಅಳೆದು ಹೊಸ ಕಲ್ಲು ನೆಟ್ಟರೆ ಸಾಲದೇ? ಪಕ್ಕದ ಜಮೀನಿನವರು ಒಪ್ಪುತ್ತಿಲ್ಲ.

ಉತ್ತರ 1:
ಅವರು ಒಪ್ಪದಿರುವುದು ಸರಿಯಾಗಿಯೇ ಇದೆ. ಮೊದಲು ಅಳೆದವರು ಕಲ್ಲನ್ನು ಎಲ್ಲಿ ನೆಟ್ಟಿದ್ದರೋ ಆ ಜಾಗವನ್ನು ಪತ್ತೆ ಮಾಡುವುದಷ್ಟೇ ಭೂಮಾಪಕರ ಕೆಲಸ. ಗಡಿಯನ್ನು ತಿದ್ದುವ ಅಧಿಕಾರ ಅವರಿಗಿಲ್ಲ. ಕದಲದೆ ಉಳಿದ ಮೂಲ ಕಲ್ಲಿಗೂ ಕಾಗದದ ಅಳತೆಗೂ ವ್ಯತ್ಯಾಸ ಬಂದಾಗ ಸಾಮಾನ್ಯವಾಗಿ ಕಲ್ಲಿಗೇ ಮನ್ನಣೆ, ಏಕೆಂದರೆ ಜನರು ಬೇಲಿ ಹಾಕಿದ್ದು, ಉತ್ತದ್ದು, ಕೊಂಡದ್ದು ಎಲ್ಲವೂ ಅದನ್ನು ನೋಡಿಯೇ.

ಲೆಕ್ಕ ತೋರಿಸುವುದು ಹುಡುಕಾಟ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಮಾತ್ರ. ಅಲ್ಲಿ ಹುಗಿದದ್ದು ಕಬ್ಬಿಣದ ಸರಳಾಗಿದ್ದರೆ ಲೋಹಶೋಧಕ ಸುಳಿವು ಕೊಡುತ್ತದೆ. ಮರದ ಗೂಟವಾಗಿದ್ದರೆ ಮಣ್ಣನ್ನು ಸಲಿಕೆಯಿಂದ ತೆಳುವಾಗಿ, ಪದರ ಪದರವಾಗಿ ಹೆರೆಯುತ್ತಾರೆ; ಗೂಟ ಪೂರ್ತಿ ಕೊಳೆತುಹೋಗಿದ್ದರೂ ಅದು ನಿಂತಿದ್ದ ಕುಳಿಯಲ್ಲಿ ಸುತ್ತಲಿನದಕ್ಕಿಂತ ಕಪ್ಪಾದ, ಸಡಿಲವಾದ ಮಣ್ಣು ಎಷ್ಟೋ ಸಲ ಗೂಟದ ಆಕಾರದಲ್ಲೇ ಉಳಿದಿರುತ್ತದೆ. ಯಂತ್ರ ತರಿಸಿ ಅಗೆಸಿದರೆ ಆ ಸಾಕ್ಷ್ಯ ಶಾಶ್ವತವಾಗಿ ಹಾಳಾಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ 2:
ಹಳೆಯ ಅಳತೆ ಯಾವ ಸಾಧನದ್ದು ಎಂಬುದನ್ನೂ ವಿಚಾರಿಸಿ. ಹಿಂದೆ ಜಮೀನು ಅಳೆಯಲು ಬಳಸುತ್ತಿದ್ದ ಗಂಟರ್ ಸರಪಳಿ ಎಂಬ ಲೋಹದ ಸರಪಳಿಯ ಉದ್ದ 66 ಅಡಿ, ಅದರಲ್ಲಿ 100 ಕೊಂಡಿಗಳು. ಕೊಂಡಿ, ಬಳೆಗಳು ಒಂದಕ್ಕೊಂದು ಉಜ್ಜಿ ಸವೆದಂತೆ ಸರಪಳಿ ಉದ್ದವಾಗುತ್ತದೆ. ಆಗ ನೆಲದ ಮೇಲಿನ ನಿಜವಾದ ದೂರಕ್ಕಿಂತ ಕಡಿಮೆ ಸಂಖ್ಯೆ ದಾಖಲಾಗುತ್ತದೆ. ದಿಕ್ಸೂಚಿಯಿಂದ ಹಿಡಿದ ದಿಕ್ಕುಗಳಿಗೂ ಇದೇ ಎಚ್ಚರ ಬೇಕು, ಕಾಂತೀಯ ಉತ್ತರ ವರ್ಷಗಳು ಕಳೆದಂತೆ ಸರಿಯುತ್ತದೆ.

ಪ್ರಶ್ನೆ ಕೇಳಿದವರು:
ಎಷ್ಟು ಹುಡುಕಿದರೂ ಯಾವ ಕುರುಹೂ ಸಿಗದಿದ್ದರೆ?

ಉತ್ತರ 1:
ಹಳೆಯ ಬೇಲಿ, ಬದು, ನಕಾಶೆಯಲ್ಲಿ ದೂರ ನಮೂದಾದ ಬಾವಿ ಅಥವಾ ಮರ, ಕಲ್ಲನ್ನು ಕಣ್ಣಾರೆ ಕಂಡ ಹಿರಿಯರ ಹೇಳಿಕೆ, ಇವೆಲ್ಲವನ್ನೂ ಪರಿಶೀಲಿಸಿದ ಮೇಲೆಯೇ ಕಲ್ಲು ನಿಜವಾಗಿ ಕಳೆದುಹೋಗಿದೆ ಎಂದು ತೀರ್ಮಾನಿಸಬೇಕು. ಆಗ ಉಳಿಯುವ ದಾರಿ ಅನುಪಾತ. ದಾಖಲೆಯಂತೆ ಮೊದಲ ಕಲ್ಲಿನಿಂದ ನಡುವಿನದಕ್ಕೆ 300 ಅಡಿ, ಅಲ್ಲಿಂದ ಕೊನೆಯದಕ್ಕೆ 200 ಅಡಿ ಎಂದಿಟ್ಟುಕೊಳ್ಳಿ. ಉಳಿದ ಎರಡು ಕಲ್ಲುಗಳ ನಡುವೆ ಇಂದು 502.5 ಅಡಿ ಬಂದರೆ, ಹೆಚ್ಚುವರಿ ಎರಡೂವರೆ ಅಡಿಯನ್ನು ಒಬ್ಬರಿಗೇ ಕೊಡದೆ, ನಡುವಿನ ಕಲ್ಲನ್ನು ಮೊದಲನೆಯದರಿಂದ 301.5 ಅಡಿಗೆ ಗುರುತಿಸುತ್ತಾರೆ. ಇನ್ನೊಂದು ಭಾಗ 201 ಅಡಿಯಾಗುತ್ತದೆ. ನೀವು ಹೇಳಿದಂತೆ ನೇರವಾಗಿ 300 ಅಡಿಗೇ ನೆಟ್ಟಿದ್ದರೆ ಆ ವ್ಯತ್ಯಾಸವೆಲ್ಲ ಒಂದೇ ಕಡೆಗೆ ಸೇರುತ್ತಿತ್ತು.

ಕಲ್ಲನ್ನು ಮಾತ್ರ ನೀವೇ ನೆಡಬೇಡಿ. ಅಧಿಕೃತ ಭೂಮಾಪಕರು ಇಬ್ಬರ ಸಮ್ಮುಖದಲ್ಲಿ ನೆಟ್ಟು, ಸಿಕ್ಕ ಹಾಗೂ ಸಿಗದ ಕುರುಹುಗಳೆರಡನ್ನೂ ವರದಿಯಲ್ಲಿ ದಾಖಲಿಸಲಿ.