ಬೇಸ್ ಗಿಟಾರ್‌ಗೆ ಪರದೆ ಬಟ್ಟೆ ಅಂಟಿಸಬಹುದಾ? (ಗಿಟಾರ್ ರಿಪೇರಿ ಪ್ರಶ್ನೋತ್ತರ)

ಪ್ರಶ್ನೆ:
ನಮಸ್ತೆ ಸರ್. ನನ್ನ ಹತ್ತಿರ ನಾಲ್ಕು ತಂತಿಯ ಹಳೆಯ ಬೇಸ್ ಗಿಟಾರ್ ಇದೆ. ಕಪ್ಪು ಬಣ್ಣ. ಅಲ್ಲಲ್ಲಿ ಚಕ್ಕೆ ಎದ್ದಿದೆ, ಮೊಣಕೈ ಊರುವ ಜಾಗ ಪೂರ್ತಿ ಮಾಸಿದೆ. ನುಡಿಸೋದಕ್ಕೆ ಏನೂ ತೊಂದರೆ ಇಲ್ಲ, ನೋಡೋದಕ್ಕೆ ಮಾತ್ರ ಬೇಜಾರು. ಮನೆಯಲ್ಲಿ ಹಳದಿ ಮೇಲೆ ದೊಡ್ಡ ಕೆಂಪು ಹೂಗಳಿರುವ ಹತ್ತಿ ಪರದೆ ಬಟ್ಟೆ ಇದೆ. ಅದನ್ನು ಬಾಡಿಯ ಮುಂಭಾಗಕ್ಕೆ ಅಂಟಿಸಿ ಮೇಲೆ ಕ್ಲಿಯರ್ (ಪಾರದರ್ಶಕ ಲೇಪ) ಹೊಡೆಯೋಣ ಅಂತಿದ್ದೇನೆ. ಹಳೆಯ ಬಣ್ಣವನ್ನು ಮರದ ತನಕ ತೆಗೆಯಲೇಬೇಕಾ? ಒಂದು ಡಬ್ಬಿ ಸ್ಪ್ರೇ ಅಂಟು ಇದೆ, ಅದು ಸಾಕಾ? ಸೌಂಡ್ ಏನಾದರೂ ಹಾಳಾಗುತ್ತಾ?

ಉತ್ತರ:
ಧಾರಾಳವಾಗಿ ಮಾಡಬಹುದು. ಆದರೆ ಮೊದಲು ಆ ಸ್ಪ್ರೇ ಅಂಟನ್ನು ಎತ್ತಿ ಕಪಾಟಿನಲ್ಲಿಡಿ. ನಾನು ಮೊದಲ ಸಲ ಬಟ್ಟೆ ಹಾಕಿದ್ದು ಅದರಲ್ಲೇ. ಮೊದಲ ದಿನ ಅದ್ಭುತವಾಗಿ ಕಾಣಿಸಿತು. ಎರಡನೇ ಕೋಟ್ ಲ್ಯಾಕರ್ ಹೊಡೆದ ಮರುದಿನ ನೋಡಿದರೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಲೋಹದ ಭಾಗ) ಹಿಂದೆ ಹೆಬ್ಬೆರಳ ಉಗುರಿನಷ್ಟು ಗುಳ್ಳೆ. ಉಗುರಿನಿಂದ ತಟ್ಟಿದರೆ ಉಳಿದ ಕಡೆ ಟಕ್ ಟಕ್, ಅಲ್ಲಿ ಮಾತ್ರ ಪೊಳ್ಳು ಸದ್ದು. ವಾರದೊಳಗೆ ಅಂಥವು ಏಳಾದವು. ಲ್ಯಾಕರ್‌ನಲ್ಲಿರುವ ಥಿನ್ನರ್ ಬಟ್ಟೆಯೊಳಗೆ ಇಳಿದು ಅಂಟನ್ನೇ ಸಡಿಲ ಮಾಡಿತ್ತು. ಎಲ್ಲ ಕಿತ್ತು ಮೊದಲಿಂದ ಶುರು ಮಾಡಿದೆ.

ಬಡಗಿಗಳು ಬಳಸುವ ಬಿಳಿ ಅಂಟು ಇದಕ್ಕೆ ಸರಿ. ಬಾಡಿಯ ಮೇಲೆ ತೆಳುವಾಗಿ ಒಂದು ಕೋಟ್, ಬಟ್ಟೆಯ ಹಿಂಭಾಗಕ್ಕೂ ತೆಳುವಾಗಿ ಒಂದು ಕೋಟ್. ಎರಡನ್ನೂ ಪೂರ್ತಿ ಒಣಗಲು ಬಿಡಿ. ಆಮೇಲೆ ಬಟ್ಟೆಯನ್ನು ಬಾಡಿಯ ಮೇಲೆ ಹಾಸಿ, ಹಬೆ ಇಲ್ಲದ ಇಸ್ತ್ರಿ ಪೆಟ್ಟಿಗೆಯಿಂದ ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿ. ಒಣಗಿದ ಅಂಟು ಬಿಸಿಗೆ ಮತ್ತೆ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಹಸಿ ಅಂಟಿನ ಮೇಲೆ ಹಾಸಿದರೆ ಬಟ್ಟೆ ನೆನೆದು ಹಿಗ್ಗುತ್ತದೆ, ಹೂವಿನ ಸಾಲು ಸೊಟ್ಟಗಾಗುತ್ತದೆ. ಇಸ್ತ್ರಿ ವಿಧಾನದಲ್ಲಿ ಆ ಗಡಿಬಿಡಿ ಇಲ್ಲ. ಸೊಟ್ಟ ಕೂತರೆ ಮತ್ತೆ ಬಿಸಿ ಮಾಡಿ, ಮೆಲ್ಲಗೆ ಎತ್ತಿ, ಸರಿಪಡಿಸಿಕೊಳ್ಳಬಹುದು.

ಹಳೆಯ ಬಣ್ಣ ತೆಗೆಯುವ ಅಗತ್ಯವಿಲ್ಲ. ಗಟ್ಟಿಯಾಗಿ ಹಿಡಿದಿದ್ದರೆ ಅದೇ ಒಳ್ಳೆಯ ತಳ. 180ರ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಹೊಳಪು ತೆಗೆಯಿರಿ. ಚಕ್ಕೆ ಎದ್ದ ಕಡೆ ಪುಟ್ಟಿ ತುಂಬಿ ಸಮ ಮಾಡಿ. ಇಲ್ಲದಿದ್ದರೆ ಪ್ರತಿ ಗುಳಿಯೂ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ.

ಸೌಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೇಸ್‌ನ ಪಿಕ್‌ಅಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಕೇಳಿಸಿಕೊಳ್ಳುವುದು ತಂತಿಯನ್ನು, ಬಟ್ಟೆಯನ್ನಲ್ಲ.

ಇದು ಹೊಸ ಹುಚ್ಚೂ ಅಲ್ಲ. 1968ರಲ್ಲಿ ಫೆಂಡರ್ ಕಂಪನಿ ಟೆಲಿಕಾಸ್ಟರ್ ಗಿಟಾರ್ ಮತ್ತು ಟೆಲಿಕಾಸ್ಟರ್ ಬೇಸ್‌ಗಳನ್ನು ಪೇಸ್ಲಿ ರೆಡ್, ಬ್ಲೂ ಫ್ಲವರ್ ಅಂತ ಎರಡು ವಿನ್ಯಾಸಗಳಲ್ಲಿ ಮಾರಿತ್ತು. ಅವಕ್ಕೆ ಹಾಕಿದ್ದು ಬಟ್ಟೆಯಲ್ಲ, ಹಿಂಬದಿಗೆ ಮೊದಲೇ ಅಂಟು ಸವರಿದ ಗೋಡೆ ಕಾಗದ. 1988ರಲ್ಲಿ ಬಂದ ಐಬನೆಜ್ ಕಂಪನಿಯ ಜೆಮ್ ಗಿಟಾರ್‌ನ ಹೂವಿನ ಮಾದರಿಗೆ ಮಾತ್ರ ನಿಜವಾದ ಬಟ್ಟೆಯನ್ನೇ ಬಳಸಿದ್ದರು. ಆ ವಿನ್ಯಾಸ ಹುಟ್ಟಿದ್ದು ಗಿಟಾರ್ ವಾದಕ ಸ್ಟೀವ್ ವಾಯ್ ಅವರ ಮನೆಯ ಪರದೆಯಿಂದ. ಹಾಗಾಗಿ ಪರದೆ ಕತ್ತರಿಸುವವರಲ್ಲಿ ನೀವು ಮೊದಲಿಗರಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ನಾಳೆಯೇ ಅಂಟಿಸಿಬಿಡಲಾ? ಬಟ್ಟೆ ಸ್ವಲ್ಪ ತೆಳು.

ಉತ್ತರ:
ನಾಳೆ ಬೇಡ. ನಾಳೆ ಬರೀ ಒಂದು ಪರೀಕ್ಷೆ ಮಾಡಿ. ಅಂಗೈಯಷ್ಟು ತುಂಡು ಕತ್ತರಿಸಿ, ಕಪ್ಪು ಬಾಡಿಯ ಮೇಲಿಟ್ಟು ನೀರು ಚಿಮುಕಿಸಿ. ಒದ್ದೆಯಾದಾಗ ಹೇಗೆ ಕಾಣುತ್ತದೋ, ಕ್ಲಿಯರ್ ಹೊಡೆದ ಮೇಲೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ತೆಳು ಬಟ್ಟೆಯ ಹಳದಿ ಕಪ್ಪಿನ ಮೇಲೆ ಕೂತರೆ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಮುಂಭಾಗಕ್ಕೆ ಮಾತ್ರ ಬಿಳಿ ಪ್ರೈಮರ್ ಹೊಡೆಯಿರಿ. ಬದಿ, ಹಿಂಭಾಗ ಕಪ್ಪಾಗಿಯೇ ಇರಲಿ. ಅದು ಯಾಕೆ ಅನುಕೂಲ ಅಂತ ಅಂಚಿನ ಮಾತು ಬಂದಾಗ ಹೇಳುತ್ತೇನೆ.

ಅದೇ ಒದ್ದೆ ತುಂಡಿನ ಮೇಲೆ ಬಿಳಿ ಟಿಶ್ಯೂ ಇಟ್ಟು ಒತ್ತಿ ನೋಡಿ. ಕೆಂಪು ಅಂಟಿದರೆ ಬಟ್ಟೆ ಬಣ್ಣ ಬಿಡುತ್ತಿದೆ ಅಂತ ಅರ್ಥ. ಎರಡು ಮೂರು ಸಲ ಒಗೆದು ಮತ್ತೆ ನೋಡಿ, ಆಗಲೂ ಬಿಟ್ಟರೆ ಬೇರೆ ಬಟ್ಟೆ ಹುಡುಕಿ. ಹೇಗೂ ಒಂದು ಸಲವಾದರೂ ಒಗೆಯಲೇಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಅಂಟನ್ನು ಒಳಗೆ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು:
ಒದ್ದೆ ಮಾಡಿ ನೋಡಿದೆ. ನೀವು ಹೇಳಿದ ಹಾಗೆಯೇ ಕೆಸರು! ಬಿಳಿ ಪ್ರೈಮರ್ ಹೊಡೆಯುತ್ತೇನೆ. ಬಣ್ಣ ಬಿಡಲಿಲ್ಲ, ಸದ್ಯ. ಇನ್ನೊಂದು ಪ್ರಶ್ನೆ: ಹೂವು ಎಲ್ಲಿ ಬರಬೇಕು ಅಂತ ಹೇಗೆ ನಿರ್ಧರಿಸೋದು?

ಉತ್ತರ:
ಬಾಡಿಯ ಆಕಾರವನ್ನು ದಪ್ಪ ಕಾಗದದ ಮೇಲೆ ಬರೆದು, ಹೊರಗಿನದನ್ನು ಬಿಟ್ಟು ಒಳಭಾಗವನ್ನು ಕತ್ತರಿಸಿ ತೆಗೆಯಿರಿ. ಕಿಟಕಿಯ ಹಾಗೆ ಆಗುತ್ತದೆ. ಪಿಕ್‌ಗಾರ್ಡ್ (ಬಾಡಿಯ ಮುಂಭಾಗದ ಗೀರು ತಡೆಯುವ ತಗಡು), ಬ್ರಿಡ್ಜ್ ಬರುವ ಜಾಗಕ್ಕೆ ಕಾಗದದ ತುಂಡು ಅಂಟಿಸಿ ಮುಚ್ಚಿ. ಈಗ ಆ ಕಿಟಕಿಯನ್ನು ಬಟ್ಟೆಯ ಮೇಲೆ ಅತ್ತಿತ್ತ ಸರಿಸುತ್ತಾ ನೋಡಿ. ನನ್ನ ಬಳಿ ಬಂದ ಒಂದು ಬೇಸ್‌ನಲ್ಲಿ ಇಡೀ ಬಟ್ಟೆಯ ಅತಿ ಚಂದದ ಹೂವು ಪಿಕ್‌ಗಾರ್ಡ್ ಅಡಿಯಲ್ಲಿ ಸೇರಿಹೋಗಿತ್ತು. ಹೊರಗೆ ಉಳಿದದ್ದು ಬರೀ ಎಲೆ.

ಬಟ್ಟೆಯ ಹಾಸಿನ ಎಳೆ (ಉದ್ದಕ್ಕೆ ಹೋಗುವ ನೂಲು) ನೆಕ್‌ನಿಂದ, ಅಂದರೆ ಗಿಟಾರ್‌ನ ಕತ್ತಿನಿಂದ, ಬ್ರಿಡ್ಜ್ ಕಡೆಗೆ ನೇರವಾಗಿರಲಿ. ಓರೆಯಾಗಿ ಇಟ್ಟರೆ ಬಟ್ಟೆ ರಬ್ಬರ್ ತರಹ ಎಳೆಯುತ್ತದೆ.

ಇನ್ನೊಬ್ಬ ಸದಸ್ಯರು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬಟ್ಟೆಯನ್ನು ಬದಿಗೂ ಸೇರಿಸಿ ಸುತ್ತಿದ್ದೆ. ಕೊಂಬುಗಳ (ನೆಕ್‌ನ ಅಕ್ಕಪಕ್ಕ ಚಾಚಿದ ಬಾಡಿಯ ತುದಿಗಳು) ಹತ್ತಿರ ಸುಕ್ಕೋ ಸುಕ್ಕು. ಕತ್ತರಿಸಿ ಮಡಚಿದರೆ ದಪ್ಪ ಗಂಟು. ಇದಕ್ಕೆ ದಾರಿಯೇ ಇಲ್ವಾ ಸರ್?

ಉತ್ತರ:
ಸುತ್ತುವ ಆಸೆ ಬಿಟ್ಟುಬಿಡೋದೇ ದಾರಿ. ಬಟ್ಟೆ ಒಂದು ದಿಕ್ಕಿಗೆ ಬಾಗುತ್ತದೆ, ಒಂದೇ ಜಾಗದಲ್ಲಿ ಎರಡು ದಿಕ್ಕಿಗೆ ಬಾಗು ಅಂದರೆ ಸುಕ್ಕಾಗುತ್ತದೆ. ಕೊಂಬಿನ ತುದಿ ಅಂಥ ಜಾಗ. ಫೆಂಡರ್‌ನವರಿಗೂ ಇದೇ ತಲೆನೋವು ಇತ್ತು. ಕಾಗದವನ್ನು ಮುಂಭಾಗ, ಹಿಂಭಾಗಕ್ಕೆ ಮಾತ್ರ ಅಂಟಿಸಿ, ಬದಿಗೆ ಬಣ್ಣ ಹೊಡೆದು, ಆ ಬಣ್ಣವನ್ನು ಅಂಚಿನ ಮೇಲೂ ಸ್ವಲ್ಪ ಹರಿಸಿದರು. ಕಾಗದ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಬೀಳುವುದಿಲ್ಲ.

ನಾನು ಮಾಡುವುದೂ ಅದನ್ನೇ. ಅಂಟಿಸಿದ ಮೇಲೆ ಸುತ್ತಲೂ ಒಂದು ಸೆಂಟಿಮೀಟರ್ ಹೆಚ್ಚುವರಿ ಬಟ್ಟೆ ಬಿಟ್ಟು ಕತ್ತರಿಸುತ್ತೇನೆ. ಅಂಚಿನ ಮೇಲೆ ಇನ್ನೊಂದು ಕೋಟ್ ಅಂಟು ಸವರಿ ಒಂದು ರಾತ್ರಿ ಒಣಗಿಸುತ್ತೇನೆ. ಬೆಳಿಗ್ಗೆಗೆ ಅಲ್ಲಿ ಬಟ್ಟೆ ರಟ್ಟಿನ ಹಾಗೆ ಗಟ್ಟಿಯಾಗಿರುತ್ತದೆ. ಆಮೇಲೆ ಬ್ಲೇಡ್ ಮುಟ್ಟುವುದಿಲ್ಲ. ಮರದ ತುಂಡಿಗೆ 120ರ ಸ್ಯಾಂಡ್ ಪೇಪರ್ ಸುತ್ತಿ, ಅಂಚಿನ ದುಂಡು ಶುರುವಾಗುವ ಗೆರೆಯ ಮೇಲೆ ಮೇಲಿನಿಂದ ಕೆಳಕ್ಕೆ ಉಜ್ಜುತ್ತೇನೆ. ಕೆಳಕ್ಕೆ ಮಾತ್ರ. ಹತ್ತು ಹನ್ನೆರಡು ಎಳೆತಕ್ಕೆ ಬಟ್ಟೆ ಗರಗಸದಲ್ಲಿ ಕೊಯ್ದ ಹಾಗೆ ತುಂಡಾಗಿ ಬೀಳುತ್ತದೆ, ಒಂದು ಎಳೆಯೂ ಹೊರಗೆ ಇಣುಕುವುದಿಲ್ಲ. ಅಭ್ಯಾಸ ಬಲದಿಂದ ಒಮ್ಮೆ ಮೇಲಕ್ಕೆ ಉಜ್ಜಿದಿರೋ, ಅಂಚು ಬಾಯಿ ಬಿಟ್ಟುಕೊಳ್ಳುತ್ತದೆ. ಪಿಕ್‌ಅಪ್ ಕೂರುವ ಗುಳಿಗಳ ಸುತ್ತಲೂ ಇದೇ ಕೆಲಸ.

ನಿಮ್ಮ ಬಾಡಿ ಕಪ್ಪು ಅಲ್ವಾ, ಈಗ ಅದು ಅನುಕೂಲಕ್ಕೆ ಬರುತ್ತದೆ. ಬಟ್ಟೆಯ ಮೇಲೆ ಎರಡು ಕೋಟ್ ಕ್ಲಿಯರ್ ಆದ ನಂತರ, ಬಾಡಿಗಿಂತ ಸುಮಾರು ಒಂದು ಸೆಂಟಿಮೀಟರ್ ಒಳಗೆ ಬರುವಂತೆ ಒಂದು ರಟ್ಟು ಕತ್ತರಿಸಿ. ಅದನ್ನು ಬಾಡಿಗೆ ತಾಗಿಸದೆ ಎರಡು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿ, ಸುತ್ತಲೂ ಕಪ್ಪು ಸ್ಪ್ರೇ ತೆಳುವಾಗಿ ಹೊಡೆಯಿರಿ. ರಟ್ಟು ಮೇಲೆದ್ದಿರುವುದರಿಂದ ಬಣ್ಣದ ಗಡಿ ಗೆರೆ ಎಳೆದಂತೆ ಆಗದೆ ಮಬ್ಬಾಗಿ ಕರಗುತ್ತದೆ. ಕ್ಲಿಯರ್ ಇಲ್ಲದ ಬರಿ ಬಟ್ಟೆಯ ಮೇಲೆ ಮಾತ್ರ ಹೊಡೆಯಬೇಡಿ. ನೂಲು ಬಣ್ಣ ಹೀರಿದರೆ ಒರೆಸಿ ತೆಗೆಯೋಕಾಗಲ್ಲ.

ಪ್ರಶ್ನೆ ಕೇಳಿದವರು:
ಕ್ಲಿಯರ್ ಯಾವುದು ಸರ್? ಎಷ್ಟು ಕೋಟ್? ಕಾರುಗಳಿಗೆ ಹೊಡೆಯುವ ಟೂ-ಕೆ ಕ್ಲಿಯರ್ ಚೆನ್ನಾಗಿ ಬರುತ್ತೆ ಅಂತ ಒಬ್ಬರು ಹೇಳಿದರು.

ಉತ್ತರ:
ಚೆನ್ನಾಗಿ ಬರುವುದೇನೋ ನಿಜ. ಆದರೆ ಅದರ ಹಾರ್ಡನರ್‌ನಲ್ಲಿ (ಗಟ್ಟಿಯಾಗಲು ಬೆರೆಸುವ ಭಾಗ) ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಶ್ವಾಸಕೋಶಕ್ಕೆ ಒಮ್ಮೆ ಅದರ ಅಲರ್ಜಿ ಬಂದರೆ ಜೀವನಪೂರ್ತಿ ಕಾಡಬಹುದು. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್, ಸರಿಯಾದ ಪೇಂಟ್ ಬೂತ್ ಇಲ್ಲದೆ ಮನೆಯಲ್ಲಿ ಅದನ್ನು ಹೊಡೆಯುವ ಮಾತೇ ಬೇಡ.

ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳ. ಡಬ್ಬಿಯ ಮೇಲಿರುವ ಅಳತೆ ತಪ್ಪದ ಹಾಗೆ ಎರಡೂ ಭಾಗ ಸೇರಿಸಿ, ಅಡಿ ಮೂಲೆ ಎಲ್ಲ ಕೆರೆದು ಚೆನ್ನಾಗಿ ಕಲಸಿ. ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ. ಕೈಗವಸು ಇರಲಿ, ಕಿಟಕಿ ತೆಗೆದಿರಲಿ. ಮೊದಲ ಎರಡು ಕೋಟ್ ತೀರಾ ತೆಳು, ಹಳೆಯ ಎಟಿಎಂ ಕಾರ್ಡಿನಲ್ಲಿ ಎಳೆದು ನೂಲಿನೊಳಗೆ ಇಳಿಸಿ. ಅವು ಒಣಗಿದ ಮೇಲೆ ಸ್ಕ್ರಬ್ಬರ್‌ನಲ್ಲಿ ಹಗುರವಾಗಿ ಸವರಿ, ಕಪ್ಪು ಅಂಚು ಹೊಡೆಯಿರಿ. ಅದೂ ಚೆನ್ನಾಗಿ ಒಣಗಲಿ. ಆಮೇಲೆ ಬಾಡಿಯನ್ನು ಸಮತಟ್ಟಾಗಿಟ್ಟು ಸ್ವಲ್ಪ ದಪ್ಪ ಕೋಟ್‌ಗಳನ್ನು ಹಾಕಿ. ಅಂಚಿನಿಂದ ಇಳಿಯುವ ಹನಿಗಳನ್ನು ಮೊದಲ ಒಂದು ಗಂಟೆ ಕಾದು ಕೂತು ಒರೆಸಬೇಕು.

ಈಗ ಮುಖ್ಯವಾದ ಮಾತು. ಬಟ್ಟೆ ಕೆಲಸ ಹಾಳಾಗುವುದು ಬಹುಪಾಲು ಸ್ಯಾಂಡ್ ಪೇಪರ್‌ನಿಂದ. ಬೆರಳಾಡಿಸಿದಾಗ ನೇಯ್ಗೆಯ ಏರಿಳಿತ ಕೈಗೆ ಸಿಗುತ್ತಿದ್ದರೆ ಬಟ್ಟೆ ಇನ್ನೂ ಮುಳುಗಿಲ್ಲ. ಆಗ ಗಟ್ಟಿಯಾಗಿ ಉಜ್ಜಿದರೆ ಎಳೆಗಳ ತಲೆ ಕತ್ತರಿಸಿ ಹೋಗಿ, ಹೂವಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಏಳುತ್ತವೆ. ಮೇಲೆ ಎಷ್ಟು ಕ್ಲಿಯರ್ ಹಾಕಿದರೂ ಆ ಜಾಗದ ಬಣ್ಣ ಮೊದಲಿನ ಹಾಗೆ ಆಗೋದಿಲ್ಲ. ಗಾಜಿನ ಹಾಗೆ ಕೈ ಜಾರುವ ತನಕ ಕೋಟ್ ಹಾಕಿ, ಒಂದು ವಾರ ಬಿಡಿ. ಆಮೇಲೆ 400, 600, ಅಲ್ಲಿಂದ ನೀರು ಹಾಕಿ 1000, 1500, 2000. ಕೊನೆಗೆ ಪಾಲಿಶ್. ಎಷ್ಟು ಕೋಟ್ ಅಂತ ಕೇಳಿದಿರಿ. ಅದನ್ನು ನಿಮ್ಮ ಬೆರಳೇ ಹೇಳಬೇಕು.

ಎಪಾಕ್ಸಿ ಬಿಸಿಲಿಗೆ ನಿಧಾನವಾಗಿ ಹಳದಿಯಾಗುತ್ತದೆ. ನಿಮ್ಮದು ಹೇಗೂ ಹಳದಿ ಬಟ್ಟೆ, ಬಚಾವ್.

ಮತ್ತೊಬ್ಬ ಸದಸ್ಯರು:
ಬಟ್ಟೆ, ಎಪಾಕ್ಸಿ ಎಲ್ಲ ಸೇರಿ ದಪ್ಪ ಜಾಸ್ತಿ ಆಗಲ್ವಾ? ನೆಕ್ ಕೂರುತ್ತಾ?

ಉತ್ತರ:
ಒಳ್ಳೆಯ ಪ್ರಶ್ನೆ. ಒಟ್ಟು ಒಂದು ಮಿಲಿಮೀಟರ್ ಆಸುಪಾಸು ಏರುತ್ತದೆ. ನೆಕ್ ಕೂರುವ ಗುಂಡಿಯೊಳಗೆ ಬಟ್ಟೆಯಾಗಲಿ ಎಪಾಕ್ಸಿಯಾಗಲಿ ಹೋಗಲೇಬಾರದು, ಮೊದಲೇ ಟೇಪ್ ಹಾಕಿ ಮುಚ್ಚಿ. ಬ್ರಿಡ್ಜ್ ಅಷ್ಟು ಮೇಲೇಳುವುದರಿಂದ ಸ್ಯಾಡಲ್‌ಗಳನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡುಗಳು) ತಗ್ಗಿಸಿಕೊಳ್ಳಬೇಕು. ಅವು ಈಗಾಗಲೇ ತಳ ಮುಟ್ಟಿದ್ದರೆ ನೆಕ್ ಕೆಳಗೆ ತೆಳು ಪಟ್ಟಿ ಕೊಡಬೇಕಾಗುತ್ತದೆ. ಬಿಚ್ಚುವ ಮುಂಚೆಯೇ ನೋಡಿಟ್ಟುಕೊಳ್ಳಿ. ಬ್ರಿಡ್ಜ್ ಅಡಿಯಲ್ಲಿ ಒಂದು ಅರ್ಥಿಂಗ್ ವೈರ್ ಇರುತ್ತದೆ, ಅದು ಹೊರಗೆ ಬರಲು ಬಟ್ಟೆಯಲ್ಲಿ ತೂತು ಬಿಡಿ. ಮರೆತರೆ ಕೊನೆಗೆ ಆಂಪ್ಲಿಫೈಯರ್ ಗುಂಯ್ ಅನ್ನುತ್ತದೆ.

ಪ್ರಶ್ನೆ ಕೇಳಿದವರು (ಆರು ವಾರದ ನಂತರ):
ಸರ್, ಮುಗಿಯಿತು! ಅಂಚು ನಾನೇ ಮಾಡಿದ್ದು ಅಂತ ನಂಬೋಕಾಗುತ್ತಿಲ್ಲ. ಒಂದೇ ಒಂದು ಎಡವಟ್ಟು. ಬೆಲ್ಟ್ ಗುಂಡಿಯ ಸ್ಕ್ರೂ ತಿರುಗಿಸುವಾಗ ಕೊಂಬಿನ ತುದಿಯಲ್ಲಿ ಟಪ್ ಅಂತ ಸದ್ದಾಗಿ ಅಕ್ಕಿ ಕಾಳಿನಷ್ಟು ಎಪಾಕ್ಸಿ ಚಕ್ಕೆ ಹಾರಿತು. ಬ್ರಿಡ್ಜ್ ಸ್ಕ್ರೂ ಹಾಕಲು ಈಗ ಭಯ. ಪರದೆ ಯಾಕೆ ಗಿಡ್ಡ ಆಯ್ತು ಅಂತ ಮನೆಯಲ್ಲಿ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಉತ್ತರ:
ಪರದೆ ವಿಷಯ ನೀವೇ ನೋಡಿಕೊಳ್ಳಿ. ಚಕ್ಕೆ ಹಾರಿದ ಕಡೆ ಕಡ್ಡಿಯ ತುದಿಯಿಂದ ಒಂದು ಹನಿ ಎಪಾಕ್ಸಿ ಬಿಡಿ, ಸುತ್ತಲಿಗಿಂತ ತುಸು ಉಬ್ಬಿರಲಿ. ಗಟ್ಟಿಯಾದ ಮೇಲೆ ಸಮ ಮಾಡಿ. ಹತ್ತಿರದಿಂದ ಹುಡುಕಿದವರಿಗಷ್ಟೇ ಸಿಗುತ್ತದೆ.

ಬ್ರಿಡ್ಜ್ ತೂತುಗಳಿಗೆ ಈಗಲೇ ಡ್ರಿಲ್ ಮಷೀನ್ ಹಚ್ಚಬೇಡಿ. ತೂತಿಗಿಂತ ದಪ್ಪದ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ಹಿಡಿದು ನಾಲ್ಕು ಸುತ್ತು ತಿರುಗಿಸಿ, ತೂತಿನ ಬಾಯಿಯ ಎಪಾಕ್ಸಿ ಮಾತ್ರ ಕೆರೆದು ಬರಲಿ. ಸ್ಕ್ರೂನ ಸುರುಳಿ ಗೆರೆಗಳಿಗೆ ಮೇಣ ಹಚ್ಚಿ. ತಿರುಗಿಸುವಾಗ ಬಿಗಿಯಾಯಿತು ಅನ್ನಿಸಿದರೆ ಬಲ ಹಾಕಬೇಡಿ, ಅರ್ಧ ಸುತ್ತು ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋಗಿ. ತಂತಿ ಹಾಕಿದ ಮೇಲೆ ಒಂದು ಫೋಟೋ ಹಾಕಿ. ಮುಂಭಾಗದ್ದಲ್ಲ, ಆ ಅಂಚಿನದ್ದು.